ಹುಕೋ ಪುಸ್ತಕ ಹಿಡಿದು ಚೀನಾ ನೋಡೋಣ

ಈಚೆಗೆ ಸಮಾಜಶಾಸ್ತ್ರ ಓದುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು ಇದು. ಬರೆಯುವಾಗ ಕೆಲವು ಕಡೆ ಬೆಳೆಸಿದ್ದೇನೆ, ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಟ್ಟುಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇವತ್ತಿನ ಚೀನಾವನ್ನು ಓದೋದು ಹೇಗೆ ಅನ್ನೋದು ನನಗೆ ಕೊಟ್ಟ ವಿಷಯ. ಸಂಸ್ಕೃತಿ, ಸಮಾಜ, ರಾಜಕೀಯ ಮೂರೂ ಬರಲಿ ಅಂದರು. ನೂರನಲವತ್ತು ಕೋಟಿ ಜನರ ದೇಶ ಅದು. ಎಲ್ಲ ಹೇಳೋಕೆ ಹೊರಟರೆ ಏನೂ ಹೇಳಿದ ಹಾಗಾಗುವುದಿಲ್ಲ. ಅದಕ್ಕೆ ಒಂದೇ ಒಂದು ವಸ್ತುವನ್ನು ಹಿಡಿದುಕೊಳ್ಳುತ್ತೇನೆ. ಚೀನಾದ ಪ್ರತಿ ಮನೆಯಲ್ಲೂ ಇರುವ, ಬೀರುವಿನಲ್ಲಿ ಬಟ್ಟೆಗಳ ಅಡಿಯಲ್ಲಿ ಜೋಪಾನವಾಗಿ ಇಟ್ಟಿರುವ ಒಂದು ಸಣ್ಣ ಪುಸ್ತಕ. ಅದರ ಹೆಸರು ಹುಕೋ, ಅಂದರೆ ಮನೆಯವರು ಯಾವ ಊರಿನವರು ಅಂತ ಸರ್ಕಾರ ಬರೆದಿಟ್ಟ ನೋಂದಣಿ.

ಅದಕ್ಕೆ ಮೊದಲು ನಮ್ಮ ಬಗ್ಗೆ ಒಂದು ಮಾತು. ನಮ್ಮಲ್ಲಿ ಚೀನಾ ಅಂದ ಕೂಡಲೇ ಎರಡೇ ಥರದ ಮಾತು ಶುರುವಾಗುತ್ತದೆ. ಒಂದು, ಗಡಿ. 1962, 2020ರ ಗಲ್ವಾನ್, ಅಲ್ಲಿ ಸತ್ತ ನಮ್ಮ 20 ಸೈನಿಕರು. ಆ ನೋವು ನಿಜ, ಅದನ್ನು ಯಾರೂ ಸಣ್ಣದು ಮಾಡಬೇಕಿಲ್ಲ. ಇನ್ನೊಂದು, ಬೆರಗು. ಅವರ ರೈಲು ನೋಡಿ, ಅವರ ಸೇತುವೆ ನೋಡಿ, ನಾವು ಯಾವಾಗ ಹಾಗಾಗೋದು ಅನ್ನುವ ಮಾತು. ಟಿವಿಯಲ್ಲಿ ಮೊದಲನೆಯದು ಜಾಸ್ತಿ, ವಾಟ್ಸಾಪಿನಲ್ಲಿ ಎರಡನೆಯದು. ಎರಡರಲ್ಲೂ ಒಂದು ಕೊರತೆ ಇದೆ. ಎರಡರಲ್ಲೂ ಜನ ಕಾಣುವುದಿಲ್ಲ. ಆ ಸೇತುವೆ ಕಟ್ಟಿದವನ ಮಗಳು ಯಾವ ಊರಿನ ಶಾಲೆಗೆ ಹೋಗುತ್ತಾಳೆ, ಯಾಕೆ ಅಪ್ಪ ಇರುವ ಊರಿನಲ್ಲಿ ಓದೋಕಾಗಲ್ಲ, ಅನ್ನುವ ಪ್ರಶ್ನೆ ಬರುವುದೇ ಇಲ್ಲ. ನನಗೆ ಚೀನಾದ ಬಗ್ಗೆ ಅತಿ ಮುಖ್ಯವಾಗಿ ಕಾಣುವ ಪ್ರಶ್ನೆ ಇದೇ. ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಕಮ್ಯುನಿಸ್ಟ್ ಪಾರ್ಟಿ, ಕಾರ್ಖಾನೆ, ಮದುವೆ, ಪರೀಕ್ಷೆ, ಪಿಂಚಣಿ ಎಲ್ಲ ಸಿಗುತ್ತವೆ.

ಸರಿ, ಪುಸ್ತಕ ತೆಗೆಯೋಣ. ಕಂದುಗೆಂಪು ರಟ್ಟು. ಒಳಗೆ ಮೊದಲು ಮನೆಯ ಯಜಮಾನರ ಹೆಸರು, ವಿಳಾಸ. ಆಮೇಲೆ ಮನೆಯ ಒಬ್ಬೊಬ್ಬರಿಗೆ ಒಂದೊಂದು ಪುಟ. ಹೆಸರು, ಯಜಮಾನರಿಗೆ ಏನಾಗಬೇಕು, ಹುಟ್ಟಿದ ಊರು, ಮೂಲ ಊರು, ಜನಾಂಗ, ಓದು, ಮದುವೆಯಾಗಿದೆಯೋ ಇಲ್ಲವೋ, ಕೆಲಸ, ಎತ್ತರ, ರಕ್ತದ ಗುಂಪಿಗೂ ಜಾಗ ಇದೆ. ಯಾವಾಗ, ಎಲ್ಲಿಂದ ಈ ಊರಿಗೆ ಬಂದದ್ದು ಅಂತ ಒಂದು ಸಾಲು. ಪೊಲೀಸ್ ಇಲಾಖೆಯ ಮುದ್ರೆ. ಇದನ್ನು ಕೊಡುವುದು ಪಂಚಾಯ್ತಿಯಲ್ಲ, ಪೊಲೀಸರು ಅನ್ನೋದನ್ನು ನೆನಪಿಟ್ಟುಕೊಳ್ಳಿ.

ಈ ಪುಸ್ತಕವಿಲ್ಲದೆ ಮೊನ್ನೆ ಮೊನ್ನೆಯವರೆಗೂ ಮದುವೆ ನೋಂದಣಿ ಮಾಡಿಸೋಕಾಗುತ್ತಿರಲಿಲ್ಲ. ಅಪ್ಪ ಅಮ್ಮ ಒಪ್ಪದಿದ್ದರೆ ಪುಸ್ತಕ ಕೊಡುತ್ತಿರಲಿಲ್ಲ. ಹುಡುಗ ಹುಡುಗಿಯರು ಮನೆಯಿಂದ ಹುಕೋ ಕದ್ದುಕೊಂಡು ಹೋಗಿ ಮದುವೆಯಾಗುವುದು ಅಲ್ಲಿನ ಧಾರಾವಾಹಿಗಳಲ್ಲಿ ಸಾಮಾನ್ಯ ದೃಶ್ಯ. 2025ರ ಮೇ 10ರಿಂದ ಈ ನಿಯಮ ತೆಗೆದರು. ಈಗ ಗುರುತಿನ ಚೀಟಿ ಸಾಕು, ದೇಶದ ಯಾವ ಊರಿನಲ್ಲಾದರೂ ನೋಂದಣಿ ಮಾಡಿಸಬಹುದು. ಯಾಕೆ ತೆಗೆದರು? ಮದುವೆಗಳು ಕಡಿಮೆಯಾಗುತ್ತಿವೆ, ಮಕ್ಕಳು ಕಡಿಮೆಯಾಗುತ್ತಿದ್ದಾರೆ. 2022ರಲ್ಲಿ ಚೀನಾದ ಜನಸಂಖ್ಯೆ ಆರು ದಶಕಗಳಲ್ಲಿ ಮೊದಲ ಬಾರಿ ಇಳಿಯಿತು. ಮಕ್ಕಳು ಜಾಸ್ತಿ ಹುಟ್ಟಬಾರದು ಅಂತ ಪುಸ್ತಕದಲ್ಲಿ ಹೆಸರು ಬರೆಸೋಕೆ ಬಿಡದಿದ್ದ ಸರ್ಕಾರವೇ ಈಗ ಮದುವೆಯಾಗಿ ಅಂತ ಬಾಗಿಲು ತೆರೆದಿದೆ.

ಹೆಸರು ಬರೆಸೋಕೆ ಬಿಡದಿದ್ದದ್ದು ಏನು ಅಂತ ಹೇಳಿಬಿಡುತ್ತೇನೆ. ಒಂದೇ ಮಗು ನೀತಿ 1980ರಲ್ಲಿ ದೇಶಕ್ಕೆಲ್ಲ ಬಂತು. ಎರಡನೇ ಮಗು ಹುಟ್ಟಿದರೆ ದಂಡ, ಅದೂ ಒಂದು ವರ್ಷದ ದುಡಿಮೆಯನ್ನು ಮೀರುವಷ್ಟು. ದಂಡ ಕಟ್ಟೋಕಾಗದವರ ಮಕ್ಕಳಿಗೆ ಎಷ್ಟೋ ಕಡೆ ಹುಕೋ ಕೊಡುತ್ತಿರಲಿಲ್ಲ. ಹುಕೋ ಇಲ್ಲ ಅಂದರೆ ಶಾಲೆ ಇಲ್ಲ, ಗುರುತಿನ ಚೀಟಿ ಇಲ್ಲ, ರೈಲು ಟಿಕೆಟ್ಟೂ ಇಲ್ಲ. 2010ರ ಜನಗಣತಿಯ ಹೊತ್ತಿಗೆ ಹೀಗೆ ಲೆಕ್ಕಕ್ಕೇ ಸಿಗದವರು ಸುಮಾರು 1.3 ಕೋಟಿ ಜನ. ಇವರಿಗೆಲ್ಲ ಹುಕೋ ಕೊಡಬೇಕು ಅಂತ ಕೇಂದ್ರ ಸರ್ಕಾರ ಹೇಳಿದ್ದು ಒಂದೇ ಮಗು ನೀತಿ ಮುಗಿಯುವ ಹೊತ್ತಿಗೆ, 2016ರ ಆರಂಭದಲ್ಲಿ. ಅಷ್ಟರಲ್ಲಿ ಎಷ್ಟೋ ಮಕ್ಕಳ ಶಾಲೆಯ ವಯಸ್ಸು ಕಳೆದುಹೋಗಿತ್ತು.

ಇಂಥ ಪುಸ್ತಕ ಎಲ್ಲಿಂದ ಬಂತು? ಮನೆಮನೆಯ ಲೆಕ್ಕ ಇಡುವುದು ಚೀನಾದ ರಾಜರಿಗೂ ಗೊತ್ತಿತ್ತು. ಈಗಿನ ಹುಕೋ ಮಾತ್ರ 1958ರ ಜನವರಿಯಲ್ಲಿ ಬಂದ ಕಾಯ್ದೆ. ಅದು ಇಡೀ ದೇಶದ ಜನರನ್ನು ಎರಡು ಮಾಡಿತು, ಬೇಸಾಯದ ಹುಕೋ ಇರುವವರು, ಬೇಸಾಯೇತರ ಹುಕೋ ಇರುವವರು. ನಗರದ ಹುಕೋ ಇದ್ದವರಿಗೆ ಕೂಪನ್ನಿನ ಅಕ್ಕಿ, ಎಣ್ಣೆ, ಬಟ್ಟೆ, ಕಾರ್ಖಾನೆಯ ಕೆಲಸ, ಮನೆ, ಆಸ್ಪತ್ರೆ. ಹಳ್ಳಿಯವರಿಗೆ ಹೊಲ, ಸಾಮೂಹಿಕ ಬೇಸಾಯ, ಸರ್ಕಾರ ಗೊತ್ತು ಮಾಡಿದ ಕಡಿಮೆ ಬೆಲೆಗೆ ಧಾನ್ಯ ಕೊಡುವ ಕಟ್ಟುಪಾಡು. ಹಳ್ಳಿಯಿಂದ ಅಗ್ಗಕ್ಕೆ ಧಾನ್ಯ ಎತ್ತಿ ನಗರದಲ್ಲಿ ಉಕ್ಕಿನ ಕಾರ್ಖಾನೆ ಕಟ್ಟಬೇಕು, ಹಳ್ಳಿಯವರು ನಗರಕ್ಕೆ ನುಗ್ಗಬಾರದು. ಲೆಕ್ಕ ಇಷ್ಟೇ. ಅದೇ ವರ್ಷ ಆಗಿನ ನಾಯಕ ಮಾವ್ ಅವರ ಮಹಾ ಜಿಗಿತ, ಅಂದರೆ ಧಾನ್ಯ, ಉಕ್ಕಿನ ಉತ್ಪಾದನೆಯನ್ನು ಒಮ್ಮೆಲೇ ಏರಿಸುವ ಯೋಜನೆ, ಶುರುವಾಯಿತು. ಮುಂದಿನ ಮೂರು ವರ್ಷದ ಕ್ಷಾಮದಲ್ಲಿ ಕೋಟ್ಯಂತರ ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಧಾನ್ಯ ಬೆಳೆಯುತ್ತಿದ್ದ ಹಳ್ಳಿಯವರೇ. ಊರು ಬಿಟ್ಟು ಅನ್ನ ಹುಡುಕಿಕೊಂಡು ಹೋಗೋಕೆ ಹೊರಟವರನ್ನು ತಡೆದು ವಾಪಸ್ ಕಳಿಸಿದರು. ಈ ಒಂದು ವಿಷಯ ಗೊತ್ತಿಲ್ಲದೆ ಹುಕೋವನ್ನು ನಮ್ಮ ರೇಷನ್ ಕಾರ್ಡಿನ ಥರ ಅಂದುಕೊಂಡರೆ ದಾರಿ ತಪ್ಪುತ್ತೇವೆ. ರೇಷನ್ ಕಾರ್ಡ್ ಇಲ್ಲದಿದ್ದರೂ ನಮ್ಮಲ್ಲಿ ಬೀದರಿನವರು ಬೆಂಗಳೂರಿಗೆ ಬಂದು ಇರಬಹುದು, ಸಂವಿಧಾನದ 19ನೇ ವಿಧಿ ಆ ಹಕ್ಕು ಕೊಟ್ಟಿದೆ. ಚೀನಾದಲ್ಲಿ 1954ರ ಸಂವಿಧಾನದಲ್ಲಿ ಈ ಹಕ್ಕು ಇತ್ತು. 1975ರಲ್ಲಿ ಅದನ್ನು ತೆಗೆದರು, ಮತ್ತೆ ಸೇರಿಸಲೇ ಇಲ್ಲ.

ಇನ್ನೊಂದು ಕ್ರೂರ ನಿಯಮ ಇತ್ತು. 1998ರವರೆಗೆ ಮಗುವಿನ ಹುಕೋ ಅಮ್ಮನ ಹುಕೋ ಪ್ರಕಾರ. ಅಪ್ಪ ಶಾಂಘೈನವನು, ಅಮ್ಮ ಹಳ್ಳಿಯವಳು ಅಂದರೆ ಮಗು ಶಾಂಘೈನಲ್ಲೇ ಹುಟ್ಟಿದರೂ ಕಾಗದದ ಮೇಲೆ ಹಳ್ಳಿಯದೇ. ಹಾಗಾಗಿ ನಗರದ ಗಂಡು ಹಳ್ಳಿಯ ಹೆಣ್ಣನ್ನು ಮದುವೆಯಾಗುವುದೇ ಅಪರೂಪವಾಯಿತು. ಹುಟ್ಟಿನಿಂದ ಬರುವ, ಮದುವೆಯನ್ನು ಗೊತ್ತು ಮಾಡುವ ಮೇಲು ಕೀಳು ನಮಗೆ ಹೊಸದಲ್ಲ, ಅಲ್ವಾ? ಆದರೆ ನಮ್ಮ ಜಾತಿಯನ್ನು ಅದರ ಮೇಲೆ ಹೊರಿಸಿ ಎರಡೂ ಒಂದೇ ಅಂತ ನಾನು ಹೇಳಲ್ಲ. ಹುಕೋ ಸರ್ಕಾರ ಒಂದು ದಿನ ಕೂತು ಬರೆದದ್ದು. ಬರೆದವರೇ ಅಳಿಸಲೂಬಹುದು. ಅಳಿಸುತ್ತಿಲ್ಲ ಯಾಕೆ ಅನ್ನೋದಕ್ಕೆ ಆಮೇಲೆ ಬರುತ್ತೇನೆ.

1978ರ ಚಳಿಗಾಲ. ಅನ್‌ಹುಯ್ ಪ್ರಾಂತ್ಯದ ಶಿಯಾವ್‌ಗಾಂಗ್ ಅನ್ನುವ ಹಳ್ಳಿಯಲ್ಲಿ 18 ರೈತರು ರಾತ್ರಿ ಗುಟ್ಟಾಗಿ ಸೇರಿ, ಸಾಮೂಹಿಕ ಹೊಲವನ್ನು ಮನೆಮನೆಗೆ ಹಂಚಿಕೊಳ್ಳುತ್ತೇವೆ ಅಂತ ಒಂದು ಕಾಗದ ಬರೆದು ಕೆಂಪು ಹೆಬ್ಬೆಟ್ಟು ಒತ್ತಿದರು. ಸಿಕ್ಕಿಬಿದ್ದು ಮುಖಂಡರು ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷ ಆಗುವವರೆಗೂ ನಾವು ಸಾಕುತ್ತೇವೆ ಅಂತ ಅದರಲ್ಲಿ ಬರೆದಿತ್ತು. ಅದೃಷ್ಟಕ್ಕೆ ಆರ್ಥಿಕ ಸುಧಾರಣೆ ತಂದ ನಾಯಕ ಡೆಂಗ್ ಶಿಯಾವೋಪಿಂಗ್ ಕಾಲ ಶುರುವಾಗುತ್ತಿತ್ತು. ಆ ರೈತರು ಮಾಡಿದ್ದೇ ದೇಶದ ನೀತಿಯಾಯಿತು. ಹೊಲದಲ್ಲಿ ಬೆಳೆ ಹೆಚ್ಚಿತು, ಹೊಲಕ್ಕೆ ಬೇಕಾದ ಕೈಗಳು ಕಡಿಮೆಯಾದವು, ಮಿಕ್ಕ ಕೈಗಳು ನಗರದ ಕಡೆ ಹೊರಟವು. 1980ರಲ್ಲಿ ಹಾಂಗ್‌ಕಾಂಗ್ ಪಕ್ಕದ ಶೆನ್‌ಝೆನ್ ವಿಶೇಷ ಆರ್ಥಿಕ ವಲಯವಾದಾಗ ಆ ಸೀಮೆಯಲ್ಲಿ ಇದ್ದದ್ದು ಮೂರು ಲಕ್ಷ ಚಿಲ್ಲರೆ ಜನ. 2020ರ ಜನಗಣತಿಯಲ್ಲಿ 1.75 ಕೋಟಿ. ಇವರಲ್ಲಿ ಹೆಚ್ಚಿನವರ ಹುಕೋ ಪುಸ್ತಕದಲ್ಲಿ ಶೆನ್‌ಝೆನ್ ಹೆಸರು ಇಲ್ಲ.

ಕಾರ್ಖಾನೆಗೆ ಕೈ ಬೇಕು, ಆದರೆ ಆ ಕೈಯ ಜೊತೆ ಬರುವ ಮಕ್ಕಳು, ಮುಪ್ಪು, ಕಾಯಿಲೆ ಬೇಡ. ಚೀನಾದ ಅಗ್ಗದ ದುಡಿಮೆಯ ಗುಟ್ಟು ಇದು ಅಂತ ನಾನು ತಿಳಿದಿದ್ದೇನೆ. ಸಂಬಳ ಕಡಿಮೆ ಅನ್ನೋದಷ್ಟೇ ಅಲ್ಲ. ಆ ಮನುಷ್ಯನನ್ನು ಹುಟ್ಟಿಸಿ ಬೆಳೆಸುವ ಖರ್ಚು, ಮುದುಕಾದ ಮೇಲೆ ನೋಡಿಕೊಳ್ಳುವ ಖರ್ಚು ಎರಡೂ ಅವನ ಹಳ್ಳಿಯ ಲೆಕ್ಕಕ್ಕೆ. ನಡುವಿನ ದುಡಿಯುವ ವರ್ಷಗಳು ಮಾತ್ರ ನಗರದ ಲೆಕ್ಕಕ್ಕೆ.

ಈಗ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಸುನ್ ಝಿಗಾಂಗ್. ಹುಬೈ ಪ್ರಾಂತ್ಯದವನು, 27 ವರ್ಷ, ವುಹಾನಿನಲ್ಲಿ ಡಿಸೈನ್ ಓದಿ ಗುವಾಂಗ್‌ಝೌ ನಗರದಲ್ಲಿ ಒಂದು ಬಟ್ಟೆ ಕಂಪನಿಗೆ ಸೇರಿದ್ದ. ಬಂದು ತಿಂಗಳೂ ಆಗಿರಲಿಲ್ಲ. 2003ರ ಮಾರ್ಚ್ 17ರ ರಾತ್ರಿ ಇಂಟರ್ನೆಟ್ ಸೆಂಟರಿಗೆ ಅಂತ ಹೊರಟ. ದಾರಿಯಲ್ಲಿ ಪೊಲೀಸರು ತಡೆದರು. ಹೊರಗಿನವರು ಆಗ ತಾತ್ಕಾಲಿಕ ವಾಸದ ಪರವಾನಗಿ ಮಾಡಿಸಿಕೊಳ್ಳಬೇಕಿತ್ತು. ಇವನಿನ್ನೂ ಮಾಡಿಸಿರಲಿಲ್ಲ, ಗುರುತಿನ ಚೀಟಿ ರೂಮಿನಲ್ಲಿತ್ತು. ಹಿಡಿದುಕೊಂಡು ಹೋದರು. ಗೆಳೆಯರು ಚೀಟಿ ತೆಗೆದುಕೊಂಡು ಠಾಣೆಗೆ ಹೋದರೂ ಬಿಡಲಿಲ್ಲ. ಆ ಊರಿನ ಹುಕೋ ಇಲ್ಲದವರನ್ನು ಕೂಡಿಹಾಕಿ ಊರಿಗೆ ವಾಪಸ್ ಕಳಿಸುವ ಒಂದು ವ್ಯವಸ್ಥೆಯೇ ಇತ್ತು. ಅಲ್ಲಿಂದ ಅವನನ್ನು ಆ ವ್ಯವಸ್ಥೆಯ ಆಸ್ಪತ್ರೆಯ ವಾರ್ಡಿಗೆ ಕಳಿಸಿದರು. ಅಲ್ಲಿ ಕೆಲಸದವರ ಕುಮ್ಮಕ್ಕಿನಿಂದ ಒಳಗಿದ್ದವರೇ ಅವನನ್ನು ಹೊಡೆದರು. ಮಾರ್ಚ್ 20ರಂದು ಅವನು ಸತ್ತ. ಹೃದಯದ ಕಾಯಿಲೆ ಅಂದರು ಅಧಿಕಾರಿಗಳು. ಮನೆಯವರು ನಂಬಲಿಲ್ಲ, ಶವಪರೀಕ್ಷೆ ಮಾಡಿಸಿದರು. ಬೆನ್ನ ತುಂಬ ಪೆಟ್ಟು.

ಏಪ್ರಿಲ್ 25ಕ್ಕೆ ಸದರ್ನ್ ಮೆಟ್ರೊಪೊಲಿಸ್ ಡೈಲಿ ಅನ್ನುವ ಪತ್ರಿಕೆ ಇದನ್ನು ಪೂರ್ತಿ ಬರೆಯಿತು. ಸಾರ್ಸ್ ಕಾಯಿಲೆಯಿಂದ ಜನ ಮೊದಲೇ ಕಂಗೆಟ್ಟಿದ್ದರು. ಸುದ್ದಿ ಇಂಟರ್ನೆಟ್ಟಿನಲ್ಲಿ ದೇಶಕ್ಕೆಲ್ಲ ಹಬ್ಬಿತು. ಕಾನೂನು ಓದಿದ ಮೂವರು ಯುವಕರು ಅಲ್ಲಿನ ಸಂಸತ್ತಾದ ರಾಷ್ಟ್ರೀಯ ಜನ ಕಾಂಗ್ರೆಸ್ಸಿಗೆ ಪತ್ರ ಬರೆದು, ಜನರನ್ನು ಹೀಗೆ ಕೂಡಿಹಾಕುವುದು ಸಂವಿಧಾನಕ್ಕೇ ವಿರುದ್ಧ ಅಂದರು. ಜೂನ್ ತಿಂಗಳಲ್ಲೇ ಆ ನಿಯಮ ರದ್ದು ಅಂತ ಸರ್ಕಾರ ಹೇಳಿತು. ಎರಡು ದಶಕ ನಡೆದ ವ್ಯವಸ್ಥೆ ಎರಡು ತಿಂಗಳಲ್ಲಿ ಹೋಯಿತು.

ಚೀನಾದಲ್ಲಿ ಜನರ ಮಾತಿಗೆ ಬೆಲೆಯೇ ಇಲ್ಲ ಅನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ. ಎಲ್ಲ ಚೆನ್ನಾಗಿದೆ ಅನ್ನುವವರಿಗೆ ಇದರ ಮುಂದಿನ ಭಾಗ ಹೇಳುತ್ತೇನೆ. ಮರುವರ್ಷವೇ ಆ ಪತ್ರಿಕೆ ನಡೆಸುತ್ತಿದ್ದವರ ಮೇಲೆ ಹಣದ ಅವ್ಯವಹಾರದ ಕೇಸು ಬಿತ್ತು, ಇಬ್ಬರು ಜೈಲಿಗೆ ಹೋದರು. ಪತ್ರ ಬರೆದ ಮೂವರಲ್ಲಿ ಒಬ್ಬರು ಶು ಝಿಯೊಂಗ್. ವಲಸಿಗರ ಮಕ್ಕಳಿಗೆ ಅಪ್ಪ ಅಮ್ಮ ಇರುವ ಊರಿನಲ್ಲೇ ಪರೀಕ್ಷೆ ಬರೆಯುವ ಹಕ್ಕು ಬೇಕು ಅಂತ ಚಳವಳಿ ಮಾಡಿದರು. 2014ರಲ್ಲಿ ಅವರಿಗೆ ನಾಲ್ಕು ವರ್ಷ, 2023ರಲ್ಲಿ ಮತ್ತೆ 14 ವರ್ಷ ಜೈಲು. 2003ರ ಚೀನಾವೂ ಚೀನಾವೇ, 2023ರದ್ದೂ ಚೀನಾವೇ. ಚೀನಾ ಹೀಗೇ ಅಂತ ಬರೆಯುವಾಗ ಯಾವ ವರ್ಷದ ಚೀನಾ ಅಂತ ಪಕ್ಕದಲ್ಲಿ ಬರೆದುಕೊಳ್ಳಿ.

ಪರೀಕ್ಷೆ ಅಂದೆನಲ್ಲ. ಗಾವ್‌ಕಾವ್, ಕಾಲೇಜು ಪ್ರವೇಶ ಪರೀಕ್ಷೆ. ಪ್ರತಿ ವರ್ಷ ಜೂನ್ 7ಕ್ಕೆ ಶುರು. 2024ರಲ್ಲಿ ಹೆಸರು ಕೊಟ್ಟವರು 1.34 ಕೋಟಿ. ನೀವು ಎಲ್ಲೇ ಬೆಳೆದಿರಿ, ಸಾಮಾನ್ಯವಾಗಿ ಬರೆಯಬೇಕಾದ್ದು ಹುಕೋ ಇರುವ ಪ್ರಾಂತ್ಯದಲ್ಲಿ. ಯಾವ ಪ್ರಾಂತ್ಯಕ್ಕೆ ಎಷ್ಟು ಸೀಟು ಅಂತ ವಿಶ್ವವಿದ್ಯಾಲಯಗಳು ಮೊದಲೇ ಹಂಚಿರುತ್ತವೆ. ಬೀಜಿಂಗ್ ಹುಕೋ ಇರುವ ಮಗುವಿಗೆ ಪೀಕಿಂಗ್ ವಿಶ್ವವಿದ್ಯಾಲಯದ ಸೀಟು ಸಿಗುವ ಸಾಧ್ಯತೆ ಹೆನಾನ್ ಪ್ರಾಂತ್ಯದ ಮಗುವಿಗಿಂತ ಎಷ್ಟೋ ಪಾಲು ಜಾಸ್ತಿ. ಹಾಗಾಗಿ ಬೀಜಿಂಗಿನಲ್ಲೇ ಹುಟ್ಟಿ ಬೆಳೆದ ವಲಸಿಗರ ಮಗಳು ಹದಿನಾಲ್ಕು ಹದಿನೈದರ ವಯಸ್ಸಿಗೆ ಒಂದು ದಿನ ಸ್ನೇಹಿತೆಯರನ್ನೆಲ್ಲ ಬಿಟ್ಟು, ಬೇಸಿಗೆ ರಜೆಯಲ್ಲಿ ಮಾತ್ರ ನೋಡಿದ್ದ ಅಜ್ಜಿಯ ಊರಿಗೆ ಹೋಗುತ್ತಾಳೆ. ಪಾಠಪುಸ್ತಕ ಬೇರೆ, ಪ್ರಶ್ನೆಪತ್ರಿಕೆ ಬೇರೆ, ಅಪ್ಪ ಅಮ್ಮ ಸಾವಿರ ಕಿಲೋಮೀಟರ್ ದೂರ.

ಅನ್‌ಹುಯ್‌ನಲ್ಲೇ ಮಾವ್‌ತಾನ್‌ಛಾಂಗ್ ಅಂತ ಬೆಟ್ಟದ ನಡುವಿನ ಒಂದು ಸಣ್ಣ ಊರು ಇದೆ. ಊರಿಗೆ ಊರೇ ಈ ಪರೀಕ್ಷೆಯ ಮೇಲೆ ಬದುಕುತ್ತದೆ. ಒಂದು ಸಲ ಬರೆದು ಕಡಿಮೆ ಅಂಕ ಬಂದವರು ಇಲ್ಲಿನ ಶಾಲೆಗೆ ಮತ್ತೆ ಒಂದು ವರ್ಷ ಓದೋಕೆ ಬರುತ್ತಾರೆ. ಅಮ್ಮಂದಿರು ಕೆಲಸ ಬಿಟ್ಟು ಬಂದು ಶಾಲೆಯ ಸುತ್ತ ಒಂದೊಂದು ರೂಮು ಬಾಡಿಗೆಗೆ ಹಿಡಿಯುತ್ತಾರೆ. ಅಡುಗೆ ಮಾಡಿ ಡಬ್ಬಿ ಹಿಡಿದು ಗೇಟಿನ ಹತ್ತಿರ ನಿಲ್ಲುತ್ತಾರೆ. ಮಕ್ಕಳು ರಸ್ತೆ ಪಕ್ಕದಲ್ಲೇ ಊಟ ಮುಗಿಸಿ ಕ್ಲಾಸಿಗೆ ಓಡುತ್ತಾರೆ. ರಾತ್ರಿ ಹನ್ನೊಂದರವರೆಗೆ ಓದು. ಶಾಲೆಯ ಹಿಂದೆ ಒಂದು ಹಳೆಯ ಮರ, ಅದಕ್ಕೆ ಊದುಬತ್ತಿ ಹಚ್ಚಿ ಕೈಮುಗಿಯುತ್ತಾರೆ. ಜೂನ್ ಆರಂಭದಲ್ಲಿ ಪರೀಕ್ಷೆಗೆ ಹೊರಟ ಮಕ್ಕಳ ಬಸ್ಸುಗಳನ್ನು ಕಳಿಸಿಕೊಡೋಕೆ ಸಾವಿರಾರು ಜನ ರಸ್ತೆಯಲ್ಲಿ ನಿಲ್ಲುತ್ತಾರೆ. ಕಮ್ಯುನಿಸ್ಟ್ ದೇಶ, ದೇವರಿಲ್ಲ ಅಂತ ಓದಿಕೊಂಡವರು ಈ ಮರದ ಬುಡದ ಬೂದಿಯನ್ನು ನೋಡಬೇಕು. ಹಳ್ಳಿಯ ಹುಕೋದಿಂದ ನಗರದ ಹುಕೋಗೆ ದಾಟುವ ಕೆಲವೇ ದಾರಿಗಳಲ್ಲಿ ಕಾಲೇಜು ಒಂದಾಗಿತ್ತು. ಆ ಊದುಬತ್ತಿಯ ಹಿಂದೆ ಅಷ್ಟು ದೊಡ್ಡ ಆಸೆ ಇದೆ.

ದಾಟಿದ ಮೇಲೂ ಸುಖ ಅಂತಿಲ್ಲ. 2025ರಲ್ಲಿ 1.22 ಕೋಟಿ ಹುಡುಗರು ಡಿಗ್ರಿ ಹಿಡಿದು ಹೊರಬಂದರು. ಕೆಲಸ ಅಷ್ಟಿಲ್ಲ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತು, ವಾರಕ್ಕೆ ಆರು ದಿನ ದುಡಿಸುವುದಕ್ಕೆ 996 ಅನ್ನುತ್ತಾರೆ. ಅದರಿಂದ ಬೇಸತ್ತು, ಮನೆ ಬೇಡ, ಮದುವೆ ಬೇಡ, ಸುಮ್ನೆ ಮಲಗಿಬಿಡುತ್ತೇವೆ ಅನ್ನುವ ಮಾತು 2021ರಲ್ಲಿ ಯುವಕರಲ್ಲಿ ಹಬ್ಬಿತು. ಸರ್ಕಾರಿ ಪತ್ರಿಕೆಗಳು ಬೈದವು. ಬೈಗುಳ ಕೆಲಸ ಕೊಡುವುದಿಲ್ಲ.

ಎರಡು ಘಟನೆ ಬೇಗ ಹೇಳಿ ಮುಂದೆ ಹೋಗುತ್ತೇನೆ. 2017ರ ನವೆಂಬರಿನಲ್ಲಿ ಬೀಜಿಂಗಿನ ದಾಶಿಂಗ್ ಭಾಗದಲ್ಲಿ ವಲಸಿಗರಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 19 ಜನ ಸತ್ತರು. ಸುರಕ್ಷತೆಯ ಹೆಸರಿನಲ್ಲಿ ಇಂಥ ಕಟ್ಟಡಗಳನ್ನೆಲ್ಲ ಕೊರೆಯುವ ಚಳಿಯಲ್ಲಿ ಖಾಲಿ ಮಾಡಿಸಿದರು. ಮೂಟೆ, ಗ್ಯಾಸ್ ಒಲೆ, ಹಾಸಿಗೆ ರಸ್ತೆಯಲ್ಲಿ. ಬೀಜಿಂಗಿನ ಬುದ್ಧಿಜೀವಿಗಳು ನೂರಕ್ಕೂ ಹೆಚ್ಚು ಜನ ಸಹಿ ಹಾಕಿ ವಿರೋಧಿಸಿದರು. ಎಷ್ಟೋ ಮಂದಿ ತಮ್ಮ ಮನೆ, ಅಂಗಡಿ ತೆರೆದು ಜಾಗ ಕೊಟ್ಟರು. ಅಂಥವರ ಪೋಸ್ಟುಗಳನ್ನೂ ಅಳಿಸಿದರು.

ಇನ್ನೊಂದು 2022ರ ಅಕ್ಟೋಬರ್ ಕೊನೆ. ಝೆಂಗ್‌ಝೌ ನಗರದ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಸುಮಾರು ಎರಡು ಲಕ್ಷ ಜನ ಐಫೋನ್ ಜೋಡಿಸುತ್ತಿದ್ದರು. ಒಳಗೆ ಕೋವಿಡ್ ಬಂತು, ಗೇಟು ಮುಚ್ಚಿದರು. ಜನ ಬೇಲಿ ಹಾರಿ ಹೆದ್ದಾರಿ ಹಿಡಿದು, ಗೋಧಿ ಹೊಲಗಳ ನಡುವೆ ಸೂಟ್‌ಕೇಸ್ ಎಳೆದುಕೊಂಡು ಊರಿಗೆ ನಡೆದರು. ದಾರಿಯ ಹಳ್ಳಿಯವರು ರಸ್ತೆ ಪಕ್ಕ ನೀರು, ತಿಂಡಿ ಇಟ್ಟರು. 2020ರಲ್ಲಿ ನಮ್ಮ ಹೆದ್ದಾರಿಗಳಲ್ಲಿ ನಡೆದುಹೋದವರನ್ನು ನೋಡಿದವರಿಗೆ ಆ ವಿಡಿಯೋ ಹೊಸದಾಗಿ ಕಾಣಲ್ಲ. ನಮ್ಮಲ್ಲಿ ತಡೆಯುವ ಕಾಗದ ಇರಲಿಲ್ಲ. ಆದರೂ ಬಿಹಾರದವರನ್ನು, ಉತ್ತರ ಕರ್ನಾಟಕದವರನ್ನು ನಗರ ತನ್ನವರು ಅಂತ ಉಳಿಸಿಕೊಳ್ಳಲಿಲ್ಲ. ಅದೇ ಫಾಕ್ಸ್‌ಕಾನ್ ಈಗ ನಮ್ಮ ದೇವನಹಳ್ಳಿಗೆ ಬಂದಿದೆ. ದೂರದ ಊರುಗಳಿಂದ ಹೆಣ್ಣುಮಕ್ಕಳು ಬರುತ್ತಿದ್ದಾರೆ, ಅವರಿಗೆ ಹಾಸ್ಟೆಲ್ ಕಟ್ಟಿದ್ದಾರೆ. ದುಡಿಯುವವರನ್ನು ಹಾಸ್ಟೆಲ್ಲಿನಲ್ಲಿ ಇಟ್ಟರೆ ಅವರ ಸಂಸಾರ ಎಲ್ಲಿರುತ್ತದೆ ಅಂತ ಶೆನ್‌ಝೆನ್‌ನವರು ನಲವತ್ತು ವರ್ಷ ನೋಡಿದ್ದಾರೆ. ಅವರ ಅನುಭವ ಓದದೆ ನಾವು ಅದನ್ನೇ ಮೊದಲಿನಿಂದ ಶುರು ಮಾಡುವುದು ನನಗೆ ಸಂಕಟದ ವಿಷಯ.

ಈಗ ಓದುವುದು ಹೇಗೆ ಅನ್ನುವ ಮಾತಿಗೆ ಬರುತ್ತೇನೆ. ಫೈ ಶಿಯಾವ್‌ತೊಂಗ್ ಅನ್ನುವ ಹೆಸರು ಬರೆದುಕೊಳ್ಳಿ. 1910ರಲ್ಲಿ ಹುಟ್ಟಿದವರು, ಚೀನಾದ ಸಮಾಜಶಾಸ್ತ್ರದ ಹಿರಿಯರು. 1935ರಲ್ಲಿ ಹೆಂಡತಿ ವಾಂಗ್ ತೊಂಗ್‌ಹುಯ್ ಜೊತೆ ಗುವಾಂಗ್‌ಶಿಯ ಬೆಟ್ಟಗಳಿಗೆ ಯಾವ್ ಅನ್ನುವ ಜನಾಂಗದ ಅಧ್ಯಯನಕ್ಕೆ ಹೋದರು. ಮದುವೆಯಾಗಿ ಕೆಲವೇ ತಿಂಗಳು. ಹುಲಿಗೆ ಯಾರೋ ಒಡ್ಡಿದ್ದ ಬಲೆಗೆ ಫೈ ಬಿದ್ದು ಗಾಯಗೊಂಡರು. ಸಹಾಯ ಕರೆತರೋಕೆ ಓಡಿದ ಆಕೆ ಹೊಳೆಯಲ್ಲಿ ಸತ್ತರು. ಸುಧಾರಿಸಿಕೊಳ್ಳಲು 1936ರಲ್ಲಿ ಫೈ ತಮ್ಮ ಅಕ್ಕ ಕೆಲಸ ಮಾಡುತ್ತಿದ್ದ ಕೈಶ್ಯೆನ್‌ಗೊಂಗ್ ಅನ್ನುವ ಹಳ್ಳಿಗೆ ಹೋದರು. ಅಕ್ಕ ಅಲ್ಲಿ ರೇಷ್ಮೆ ನೂಲಿನ ಸಹಕಾರಿ ಕಾರ್ಖಾನೆ ನಿಲ್ಲಿಸಿದ್ದರು. ಸುಮ್ಮನೆ ಕೂರಲಾಗದೆ ಫೈ ಆ ಹಳ್ಳಿಯನ್ನೇ ಓದಲು ಶುರು ಮಾಡಿದರು. ಹೊಲ ಎಷ್ಟು, ಬಾಡಿಗೆ ಎಷ್ಟು, ರೇಷ್ಮೆ ಬೆಲೆ ಬಿದ್ದಾಗ ಮನೆಯಲ್ಲಿ ಏನು ಕಡಿಮೆಯಾಗುತ್ತದೆ, ಕಾರ್ಖಾನೆಗೆ ಹೋಗಿ ಸಂಬಳ ತಂದ ಹೆಣ್ಣುಮಗಳ ಮಾತಿಗೆ ಮನೆಯಲ್ಲಿ ಬೆಲೆ ಬಂತೇ. ಅವರ ಇಡೀ ಕೆಲಸ ಇಂಥ ಪ್ರಶ್ನೆಗಳ ಮೇಲೆ ನಿಂತಿದೆ.

ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ರಾಂಪುರ ಅನ್ನುವ ಹಳ್ಳಿಯಲ್ಲಿ ಕೂತು ಮಾಡಿದ್ದೂ ಹೀಗೇ. ಇಬ್ಬರ ನಡುವೆ ಒಂದು ನಂಟೂ ಇದೆ. ಆಕ್ಸ್‌ಫರ್ಡಿನಲ್ಲಿ ಶ್ರೀನಿವಾಸರಿಗೆ ಗುರುವಾಗಿದ್ದ ರ್‍ಯಾಡ್‌ಕ್ಲಿಫ್ ಬ್ರೌನ್ 1935ರಲ್ಲಿ ಫೈ ಓದಿದ್ದ ಬೀಜಿಂಗಿನ ಯೆನ್‌ಚಿಂಗ್ ವಿಶ್ವವಿದ್ಯಾಲಯಕ್ಕೆ ಹೋಗಿ ಪಾಠ ಮಾಡಿದ್ದರು, ಹಳ್ಳಿಗಳನ್ನು ಹತ್ತಿರದಿಂದ ಓದಿ ಅಂತ ಅಲ್ಲಿನವರಿಗೆ ಹೇಳಿದ್ದರು. ಆಮೇಲೆ ದಾರಿ ಬೇರೆಯಾಯಿತು. ಶ್ರೀನಿವಾಸ್ ದೆಹಲಿಯಲ್ಲಿ ವಿಭಾಗ ಕಟ್ಟಿದರು. ಚೀನಾದಲ್ಲಿ 1952ರಲ್ಲಿ ಸಮಾಜಶಾಸ್ತ್ರ ವಿಭಾಗಗಳನ್ನೇ ಮುಚ್ಚಿದರು. 1957ರಲ್ಲಿ ಫೈ ಅವರಿಗೆ ಬಲಪಂಥೀಯ ಅನ್ನುವ ಹಣೆಪಟ್ಟಿ ಬಿತ್ತು, ಇಪ್ಪತ್ತು ವರ್ಷ ಬರೆಯೋಕಾಗಲಿಲ್ಲ. 1979ರಲ್ಲಿ ವಿಷಯಕ್ಕೆ ಮತ್ತೆ ಜೀವ ಬಂದಾಗ ಎಪ್ಪತ್ತರ ಹತ್ತಿರದ ಫೈ ಅವರನ್ನೇ ಕರೆದು ಕಟ್ಟಿ ಅಂದರು. ಅವರು ಕಟ್ಟಿದರು. ಅದೇ ಹಳ್ಳಿಗೆ ಬದುಕಿರುವವರೆಗೂ ಇಪ್ಪತ್ತಕ್ಕೂ ಹೆಚ್ಚು ಸಲ ಹೋದರು. ಆ ನಿಷ್ಠೆ ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ.

ತನ್ನ ಸಮಾಜವನ್ನು ತಾನೇ ಓದಿದ್ದಕ್ಕೆ ಇವತ್ತೂ ಅಲ್ಲಿ ಬೆಲೆ ತೆರುತ್ತಿದ್ದಾರೆ. ಪಶ್ಚಿಮದ ಶಿನ್‌ಜಿಯಾಂಗಿನ ಮುಸ್ಲಿಂ ಜನಾಂಗವಾದ ಉಯ್ಗುರರ ಅರ್ಥಶಾಸ್ತ್ರಜ್ಞ ಇಲ್ಹಾಮ್ ತೊಹ್ತಿ ಅವರಿಗೆ 2014ರಲ್ಲಿ ಜೀವಾವಧಿ. ಶಿನ್‌ಜಿಯಾಂಗಿನ ಜಾನಪದ ವಿದ್ವಾಂಸೆ ರಾಹಿಲೆ ದಾವುತ್ 2017ರಲ್ಲಿ ಕಾಣೆಯಾದರು, ಅವರಿಗೂ ಜೀವಾವಧಿ ಅಂತ ಹೊರಗೆ ಗೊತ್ತಾಗಿದ್ದು 2023ರಲ್ಲಿ. ಹೊರಗಿನವರಿಗೂ ಬಾಗಿಲುಗಳು ಮುಚ್ಚುತ್ತಿವೆ. ಚೀನೀ ಪ್ರಬಂಧಗಳ ದೊಡ್ಡ ಭಂಡಾರವಾದ ಸಿಎನ್‌ಕೆಐನ ಕೆಲವು ಭಾಗಗಳು 2023ರಿಂದ ಹೊರದೇಶದವರಿಗೆ ಸಿಗುತ್ತಿಲ್ಲ. ಅದೇ ವರ್ಷ ಜೂನ್‌ನಲ್ಲಿ ನಗರದ ಯುವಕರ ನಿರುದ್ಯೋಗ ಶೇ 21.3 ಆದಾಗ ಆ ಅಂಕಿಯನ್ನೇ ನಿಲ್ಲಿಸಿದರು. ಮುಂದೆ ವಿದ್ಯಾರ್ಥಿಗಳನ್ನು ಬಿಟ್ಟು ಎಣಿಸಿದ ಹೊಸ ಅಂಕಿ ಬಂತು. ಭಾರತ ಚೀನಾ ಒಬ್ಬರ ಪತ್ರಕರ್ತರಿಗೆ ಇನ್ನೊಬ್ಬರು ವೀಸಾ ಕೊಡದೆ ಹೊರಹಾಕಿದ್ದೂ ಅದೇ ವರ್ಷ. 2020ರಲ್ಲಿ ನಿಂತ ನೇರ ವಿಮಾನ ಮತ್ತೆ ಹಾರಿದ್ದು 2025ರ ಅಕ್ಟೋಬರಿನಲ್ಲಿ.

ಆದರೂ ಸಾಮಗ್ರಿ ಬೇಕಾದಷ್ಟಿದೆ. ನಿಲ್ಲಿಸಿದ ಅಂಕಿಯೂ ಒಂದು ಸುದ್ದಿ. 2020ರ ಅವರ ಜನಗಣತಿಯ ಪ್ರಕಾರ ನಗರಗಳಲ್ಲಿ ವಾಸಿಸುವವರು ನೂರಕ್ಕೆ 64, ನಗರದ ಹುಕೋ ಇರುವವರು ನೂರಕ್ಕೆ 45. ಇವೆರಡರ ನಡುವೆ ಬಿದ್ದಿರುವ ಜನ 26 ಕೋಟಿ. ಇದನ್ನು ಯಾರೂ ಗುಟ್ಟಾಗಿ ಇಟ್ಟಿಲ್ಲ, ಸರ್ಕಾರವೇ ಪ್ರಕಟಿಸಿದೆ. ಪಾರ್ಟಿಯ ಪತ್ರಿಕೆ ಪೀಪಲ್ಸ್ ಡೈಲಿ ದಿನವೂ ಬರುತ್ತದೆ. ಅದರಲ್ಲಿ ನಿಜ ಇಲ್ಲ ಅಂತ ಬಿಡಬೇಡಿ. ಪಾರ್ಟಿ ತನ್ನ ಹತ್ತು ಕೋಟಿ ಸದಸ್ಯರಿಗೆ ಏನು ಹೇಳುತ್ತಿದೆ ಅನ್ನುವುದು ಅದರಲ್ಲಿದೆ. ಷಿ ಜಿನ್‌ಪಿಂಗ್ ಹೆಸರು ಎಷ್ಟು ಸಲ ಬಂತು ಅಂತ ಎಣಿಸುವುದರ ಜೊತೆಗೆ ಗ್ರಾಮಾಂತರದ ಪುಟವನ್ನೂ ಓದಿ. ನಮ್ಮ ತಾಲ್ಲೂಕಿನಂಥ ಕೌಂಟಿ ಸರ್ಕಾರಗಳ ವೆಬ್‌ಸೈಟಿನಲ್ಲಿ ಬಜೆಟ್ಟು, ಶಾಲೆ ಮುಚ್ಚಿದ ಆದೇಶ, ಶಿಕ್ಷಕರ ಕೆಲಸದ ಜಾಹೀರಾತು ಎಲ್ಲ ಇರುತ್ತವೆ. ನಾನಂತೂ ಇಂಥ ಒಣ ಕಾಗದಗಳಲ್ಲೇ ಜಾಸ್ತಿ ಕಲಿತದ್ದು.

ಆಮೇಲೆ ಪ್ರಶ್ನೆಗಳು. ಒಬ್ಬ ಹುಡುಗ ಕೇಳಿದ, "ಮೇಡಂ, ಹುಕೋ ಇಷ್ಟು ತೊಂದರೆ ಅಂದರೆ ಯಾಕೆ ತೆಗೆದುಹಾಕಲ್ಲ?"

ಸ್ವಲ್ಪ ಸ್ವಲ್ಪ ತೆಗೆಯುತ್ತಿದ್ದಾರೆ. 2014ರ ಸುಧಾರಣೆಯಲ್ಲಿ ಬೇಸಾಯದ, ಬೇಸಾಯೇತರ ಅನ್ನುವ ಭೇದ ಕಾಗದದ ಮೇಲೆ ಹೋಯಿತು. 30 ಲಕ್ಷಕ್ಕಿಂತ ಕಡಿಮೆ ಜನರಿರುವ ನಗರಗಳು ಬಾಗಿಲು ತೆರೆದಿವೆ. ಆದರೆ ಕೆಲಸ, ಒಳ್ಳೆ ಶಾಲೆ ಇರುವುದು ದೊಡ್ಡ ನಗರಗಳಲ್ಲಿ. ಬೀಜಿಂಗಿನಲ್ಲಿ ಅಂಕಗಳ ಲೆಕ್ಕ. ಏಳು ವರ್ಷ ಸಾಮಾಜಿಕ ವಿಮೆ ಕಟ್ಟಿರಬೇಕು, ಓದಿಗೆ ಅಂಕ, ಮನೆಗೆ ಅಂಕ. ಹೀಗೆ ಹುಕೋ ಸಿಗುವುದು ವರ್ಷಕ್ಕೆ ಸುಮಾರು ಆರು ಸಾವಿರ ಜನಕ್ಕೆ. ಎಲ್ಲರಿಗೂ ಕೊಟ್ಟರೆ ಶಾಲೆ, ಆಸ್ಪತ್ರೆಯ ಖರ್ಚು ನಗರದ ಮೇಲೆ ಬೀಳುತ್ತದೆ. 1994ರ ತೆರಿಗೆ ಸುಧಾರಣೆಯ ನಂತರ ಆದಾಯದ ದೊಡ್ಡ ಪಾಲು ಕೇಂದ್ರ ಸರ್ಕಾರಕ್ಕೆ, ಖರ್ಚು ಮಾತ್ರ ಸ್ಥಳೀಯರ ತಲೆಗೆ. ಜಮೀನು ಮಾರಿ ಹೇಗೋ ನಡೆಸುತ್ತಿದ್ದರು, 2021ರಿಂದ ರಿಯಲ್ ಎಸ್ಟೇಟ್ ಕುಸಿದು ಅದಕ್ಕೂ ಕಲ್ಲು ಬಿತ್ತು. ಇನ್ನೊಂದು ಕಡೆ, ಹಳ್ಳಿಯವರೂ ಎಲ್ಲರೂ ಬಿಡೋಕೆ ತಯಾರಿಲ್ಲ. ಹಳ್ಳಿಯ ಹುಕೋ ಜೊತೆ ಹೊಲ, ಮನೆಯ ನಿವೇಶನ ಇದೆ. ನಗರದಲ್ಲಿ ಕೆಲಸ ಹೋದರೆ ವಾಪಸ್ ಹೋಗೋಕೆ ಅದೊಂದೇ ಜಾಗ. ರೈತರ ಪಿಂಚಣಿಯ ಕನಿಷ್ಠ ಮೊತ್ತ 2025ರಲ್ಲಿ ತಿಂಗಳಿಗೆ 143 ಯುವಾನ್, ಅಂದರೆ ಸುಮಾರು 1,700 ರೂಪಾಯಿ. ಅಷ್ಟರಲ್ಲಿ ಮುಪ್ಪು ಕಳೆಯಬೇಕಾದವರು ಹೊಲ ಬಿಡುತ್ತಾರಾ?

ಕೊನೆಗೆ ರಾಮನಗರದ ಕಡೆಯ ಒಬ್ಬಳು ಹುಡುಗಿ ಎದ್ದಳು. "ನಮ್ಮ ಮನೆಯಲ್ಲಿ ರೇಷ್ಮೆ ಇದೆ. ಚೀನಾ ಅಂದರೆ ನಮಗೆ ಗೂಡಿನ ಬೆಲೆ ಬೀಳಿಸೋ ದೇಶ. ನನ್ನಂಥವಳು ಎಲ್ಲಿಂದ ಶುರು ಮಾಡಬೇಕು?"

ಅಲ್ಲಿಂದಲೇ ಶುರು ಮಾಡಮ್ಮ ಅಂದೆ. ಫೈ ಹೋಗಿದ್ದ ಜಿಯಾಂಗ್‌ಸು ಕಡೆ ಈಗ ಕಾರ್ಖಾನೆಗಳು ಜಾಸ್ತಿ, ಹಿಪ್ಪುನೇರಳೆ ಕಡಿಮೆ. ಚೀನಾದಲ್ಲಿ ಈಗ ಅತಿ ಹೆಚ್ಚು ಗೂಡು ಬೆಳೆಯುವುದು ದಕ್ಷಿಣದ ಗುವಾಂಗ್‌ಶಿ, ಅದರಲ್ಲೂ ಯಿಝೌ ಭಾಗ. ಮೊದಲು ಭಾಷೆ ಕಲಿ, ಪತ್ರಿಕೆ ಓದೋಕೆ ಮೂರು ಸಾವಿರ ಅಕ್ಷರ ಬೇಕು, ಕೆಲವು ವರ್ಷ ಹಿಡಿಯುತ್ತದೆ. ಆ ಹೊತ್ತಿನಲ್ಲೇ ಯಿಝೌ ಸರ್ಕಾರದ ವರದಿಗಳನ್ನು ನಿಘಂಟು ಹಿಡಿದು ಓದು. ವೀಸಾ ಸಿಕ್ಕ ದಿನ ಹೋಗು. ಬೇರೆ ಯಾವ ಸಂಶೋಧಕರಿಗೂ ಹೊಳೆಯದ ಪ್ರಶ್ನೆಗಳು ನಿನ್ನ ಹತ್ತಿರ ಇವೆ. ಚಾಕಿ ಹುಳು ಎಲ್ಲಿಂದ ತರುತ್ತೀರಿ, ಸೊಪ್ಪು ಕೊಯ್ಯುವವರು ಯಾರು, ಗೂಡು ಕೊಳ್ಳುವವನು ದುಡ್ಡು ಯಾವಾಗ ಕೊಡುತ್ತಾನೆ, ಬೆಲೆ ಬಿದ್ದ ವರ್ಷ ಏನು ಮಾಡಿದಿರಿ, ಮಗ ಯಾವ ನಗರದಲ್ಲಿದ್ದಾನೆ, ಅವನ ಮಗು ಯಾರ ಹತ್ತಿರ ಇದೆ, ಮನೆಯ ಹುಕೋ ಪುಸ್ತಕದಲ್ಲಿ ಎಷ್ಟು ಪುಟ ಇವೆ, ಅದರಲ್ಲಿ ಎಷ್ಟು ಜನ ಈಗ ಮನೆಯಲ್ಲಿದ್ದಾರೆ.